ಮೂರು ಲಾಳದ ಓಟ

ನನಗೆ ಬಾಯಿ ಜಾಸ್ತಿ, ಅಕ್ಕನಿಗೆ ತಾಳ್ಮೆ ಜಾಸ್ತಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಹೀಗೇಕೆ ಎಂದು ಅಮ್ಮ ಕೊನೆಯವರೆಗೂ ಕೇಳುತ್ತಿದ್ದಳು. ನಾನು ಕುದುರೆಗಳಿಗೆ ಲಾಳ ಕಟ್ಟುವವನು. ಅಕ್ಕ ಇಪ್ಪತ್ತೆರಡು ವರ್ಷದಿಂದ ಒಂದು ಸವಾರಿ ಶಾಲೆಯ ಲಾಯ ನೋಡಿಕೊಳ್ಳುವವಳು. ಬೆಳಗ್ಗೆ ಐದಕ್ಕೆ ಲದ್ದಿ ಬಾಚುವುದರಿಂದ ಶುರು. ಆಮೇಲೆ ಹುಲ್ಲು, ನೀರು, ಮೈ ಉಜ್ಜುವುದು, ಜೀನು ಒರೆಸುವುದು. ಮಕ್ಕಳು ಬಂದರೆ ಸವಾರಿ ಹೇಳಿಕೊಡುವವಳೂ ಅವಳೇ. ಆದರೆ ಬಾಗಿಲ ಮೇಲಿನ ಹಲಗೆಯಲ್ಲಿ ಶಿಕ್ಷಕನೆಂದು ಬರೆದಿರುವುದು ಮಾಲೀಕರ ಅಳಿಯನ ಹೆಸರು. ಆ ಮಹಾರಾಯ ಕುರ್ಚಿ ಬಿಟ್ಟು ಎದ್ದಿದ್ದನ್ನು ನಾನಂತೂ ನೋಡಿಲ್ಲ. ದುಡಿಯುವವಳು ಇವಳು, ಮೀಸೆ ತಿರುವುವವನು ಅವನು!

ಶಿಕ್ಷಕಿಯಾಗಲು ಅಕ್ಕನಿಗೆ ಬೇಕಿದ್ದುದು ಒಂದು ಪ್ರಮಾಣಪತ್ರ. ಅದಕ್ಕೆ ಮೂರು ದಿನದ ಸ್ಪರ್ಧೆಯೊಂದನ್ನು ಪೂರ್ತಿ ಮುಗಿಸಬೇಕು. ಮೊದಲ ದಿನ ಅಂಗಳದಲ್ಲಿ ಕುದುರೆಯ ನಡಿಗೆ, ಎರಡನೆಯ ದಿನ ಬಯಲಲ್ಲಿ ಬೇಲಿ, ದಿಮ್ಮಿ, ಹಳ್ಳ ಹಾರಿಸುವ ಓಟ, ಮೂರನೆಯ ದಿನ ಅಡ್ಡ ಇಟ್ಟ ಕಂಬಗಳ ಜಿಗಿತ. ಗೆಲ್ಲಬೇಕಾಗಿಲ್ಲ, ಮುಗಿಸಿದರೆ ಸಾಕು. ಹಿಂದೆ ಎರಡು ಸಲ ಹೋಗಿ ಎರಡು ಸಲವೂ ಅರ್ಧಕ್ಕೇ ವಾಪಸ್ಸು ಬಂದಿದ್ದಳು. ಇದು ಕೊನೆಯದು. ಶಾಲೆಯವರು ಅವಳಿಗೆ ಬಿಟ್ಟುಕೊಡುತ್ತಿದ್ದ ಒಂದೇ ಕುದುರೆ ಮೊಂಡ. ಆ ಹೆಸರನ್ನು ನನ್ನನ್ನು ನೆನೆಸಿಕೊಂಡೇ ಇಟ್ಟಿದ್ದು ಎಂದು ಅಕ್ಕ ನಗುತ್ತಿದ್ದಳು. ಅವನಿಗೆ ಹದಿನೆಂಟು ತುಂಬಿತ್ತು, ಮುಂದಿನ ವರ್ಷದಿಂದ ಓಡಿಸುವಂತಿಲ್ಲ. ಇವಳಿಗೆ ಬೇರೆ ಕುದುರೆ ಯಾರು ಕೊಡುತ್ತಾರೆ?

ಆ ಸಲವೇ ಮಳೆ ಹಿಡಿದುಕೊಳ್ಳಬೇಕೇ! ವಾರವಿಡೀ ಸುರಿದು ಬಯಲೆಲ್ಲ ರಾಡಿಯಾಗಿತ್ತು. ಮೊದಲ ದಿನ ಹೇಗೋ ದಾಟಿತು. ಎರಡನೆಯ ದಿನ ಅವಳ ಸರದಿ ಮೂವತ್ತೊಂದನೆಯದು. ಮೂವತ್ತು ಕುದುರೆ ತುಳಿದ ಮೇಲೆ ಅಲ್ಲಿ ನೆಲ ಅನ್ನುವುದು ಎಲ್ಲಿರುತ್ತದೆ? ನಾನು ನೇರವಾಗಿ ಸಂಘಟಕನ ಹತ್ತಿರ ಹೋದೆ.

"ಬೇಲಿ ಮುಂದೆ ಸ್ವಲ್ಪ ಮರಳಾದ್ರೂ ಹಾಕಿಸ್ರೀ. ಕಣ್ಣು ಕಾಣಲ್ವಾ?"

"ಎಲ್ಲರಿಗೂ ಅದೇ ಕೆಸರು ಕಣ್ರೀ" ಎಂದ ಆಸಾಮಿ, ಛತ್ರಿ ಕೆಳಗೆ ನಿಂತುಕೊಂಡು. ಅವನ ಬೂಟಿನ ಮೇಲೆ ಒಂದು ಚುಕ್ಕೆ ಮಣ್ಣಿರಲಿಲ್ಲ. ಎಲ್ಲರಿಗೂ ಅದೇ ಕೆಸರಂತೆ! ಮೊದಲು ಓಡಿದವನಿಗೆ ಹುಲ್ಲು, ಮೂವತ್ತೊಂದನೆಯವಳಿಗೆ ಹೊಂಡ. ಅವನ ಜನ್ಮ ಜಾಲಾಡತೊಡಗಿದೆ. ಅಕ್ಕ ಬಂದು ನನ್ನ ತೋಳು ಹಿಡಿದು ಎಳೆದಳು.

"ಸಾಕು ಬಾರೋ. ನಿನ್ನ ಬಾಯಿಗೆ ಹೆದರಿ ಮಳೆ ನಿಲ್ಲುತ್ತಾ?"

ಓಡಿದಳು. ಹನ್ನೊಂದನೆಯ ಬೇಲಿಯ ಮುಂದೆ ಮೊಂಡ ಒಲ್ಲೆ ಎಂದು ನಿಂತುಬಿಟ್ಟ. ಅವಳು ಹೊಡೆಯಲಿಲ್ಲ. ಒಂದು ಸುತ್ತು ತಿರುಗಿಸಿ ತಂದಳು, ಹಾರಿದ. ಆದರೆ ಇಳಿದ ಕಡೆ ಕೆಸರು ಅವನ ಎಡ ಮುಂಗಾಲಿನ ಲಾಳವನ್ನು ಕಿತ್ತುಕೊಂಡಿತು. ಅಲ್ಲಿಂದ ಮುಂದಿನ ಒಂಬತ್ತು ಬೇಲಿ ಮೂರೇ ಲಾಳದಲ್ಲಿ. ಕೊನೆಯ ಗೆರೆ ದಾಟಿದಾಗ ಅವಳ ಮುಖದಲ್ಲಿ ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಮಣ್ಣು. ಸಮಯ ಮೀರಿತ್ತು, ಅಂಕ ಹೋಗಿತ್ತು. ಹೋಗಲಿ, ಮುಗಿಸಿದ್ದಳಲ್ಲ! "ಆಯ್ತು ಕಣೋ, ಆಯ್ತು" ಎಂದು ಮೊಂಡನ ಕತ್ತು ತಬ್ಬಿಕೊಂಡಳು.

ಉಳಿದದ್ದು ಹತ್ತು ಕಂಬ. ಅವನ್ನು ಮೊಂಡ ಕಣ್ಣು ಮುಚ್ಚಿಕೊಂಡು ಹಾರುತ್ತಾನೆ. ಅದಕ್ಕೂ ಮೊದಲು, ಬೆಳಗ್ಗೆ ತೀರ್ಪುಗಾರರ ಮುಂದೆ ಕುದುರೆಯನ್ನು ಓಡಿಸಿ ತೋರಿಸಬೇಕು. ಕುಂಟಿದರೆ ಅಲ್ಲಿಗೆ ಮುಗಿಯಿತು.

ಸಂಜೆ ಲಾಳ ಕಟ್ಟಲು ಕೂತೆ. ಗೊರಸು ನೆನೆದು ಮೆತ್ತಗಾಗಿತ್ತು. ಹಳೆಯ ಮೊಳೆಗಳಿದ್ದ ಅಂಚು ಚೂರುಚೂರಾಗಿತ್ತು. ಇಂಥ ಗೊರಸಿಗೆ ಮೊಳೆ ಹೊಡೆಯುವಾಗ ಕೈ ನಿಧಾನ ಇರಬೇಕು, ಕಿವಿ ಸುತ್ತಿಗೆಯ ಸದ್ದಿನ ಮೇಲಿರಬೇಕು. ಕೂದಲೆಳೆಯಷ್ಟು ಒಳಗೆ ಹೋದರೂ ಒಳಗಿನ ಜೀವವಿರುವ ಭಾಗಕ್ಕೆ ಒತ್ತುತ್ತದೆ. ಇದನ್ನು ನಾಲ್ಕು ಜನಕ್ಕೆ ಪಾಠ ಹೇಳಿದವನು ನಾನು. ಆದರೆ ಆವತ್ತು ನನ್ನ ತಲೆಯಲ್ಲಿ ಆ ಛತ್ರಿಯವನಿಗೆ ಇನ್ನೂ ಏನೇನು ಅನ್ನಬೇಕಿತ್ತು ಎಂಬುದೇ ಓಡುತ್ತಿತ್ತು. ಒಂದೊಂದು ಏಟಿಗೂ ಅವನಿಗೊಂದು ಬೈಗುಳ. ಐದನೆಯ ಮೊಳೆಗೆ ಮೊಂಡ ಕಾಲು ಎಳೆದುಕೊಂಡ.

"ಯಾಕೋ ಎಳ್ಕೊಂಡ?" ಅಕ್ಕ ಕೇಳಿದಳು. "ಆ ಮೊಳೆ ಒಂಚೂರು ತೆಗೆದು ನೋಡ್ತೀಯಾ?"

"ನನಗೇ ಹೇಳ್ಕೊಡಕ್ಕೆ ಬರ್ತೀಯಾ?" ಎಂದು ಗದರಿದೆ. "ಹದಿನಾರು ವರ್ಷದಿಂದ ಇದನ್ನೇ ಮಾಡ್ತಿದ್ದೀನಿ. ಅವನ ಹೆಸರೇ ಮೊಂಡ, ಎಳ್ಕೊಳ್ದೆ ಇನ್ನೇನ್ ಮಾಡ್ತಾನೆ?"

ಅವಳು ಮೊಂಡನ ಕತ್ತು ಸವರತೊಡಗಿದಳು. ನಾನು ಗೊರಸಿನಿಂದಾಚೆ ಬಂದಿದ್ದ ಮೊಳೆಯ ತುದಿ ಮುರಿದು, ಮಡಿಸಿ, ಕೈ ಒರೆಸಿಕೊಂಡು ಎದ್ದೆ.

ಬೆಳಗ್ಗೆ ಅಕ್ಕ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೊಂಡನ ಹಗ್ಗ ಹಿಡಿದು ತೀರ್ಪುಗಾರರ ಮುಂದೆ ಓಡಿದಳು. ನಾಲ್ಕು ಹೆಜ್ಜೆಗೇ ನನಗೆ ಗೊತ್ತಾಯಿತು. ಎಡಗಾಲು ಊರಿದಾಗಲೆಲ್ಲ ಮೊಂಡನ ತಲೆ ಮೇಲಕ್ಕೇಳುತ್ತಿತ್ತು. ಇನ್ನೊಮ್ಮೆ ಓಡಿಸಿ ಎಂದರು. ಇನ್ನೊಮ್ಮೆಯೂ ಅದೇ. ಈ ಕುದುರೆ ಸ್ಪರ್ಧಿಸುವಂತಿಲ್ಲ ಎಂದು ಮೈಕಿನಲ್ಲಿ ಹೇಳಿಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಹಾಳು ಕೆಸರು, ನರ ಎಳೆದಿರ್ಬೇಕು" ಎಂದು ಲಾಯಕ್ಕೆ ಬಂದವರೆಲ್ಲ ಲೊಚಗುಟ್ಟಿದರು. ನಾನೂ ಹೌದು ಹೌದು ಎಂದೆ. ಎಂಥ ನಾಲಗೆ ನೋಡಿ ನನ್ನದು! ಅವರು ಹೋದ ಮೇಲೆ ಮೊಂಡನ ಕಾಲೆತ್ತಿ, ಇಕ್ಕಳ ಹಾಕಿ ಆ ಐದನೆಯ ಮೊಳೆ ಕಿತ್ತೆ. ಮೊಂಡ ದೊಡ್ಡದಾಗಿ ಉಸಿರು ಬಿಟ್ಟು ಕಾಲೂರಿದ. ಅಕ್ಕ ಅವನನ್ನು ಅಂಗಳದಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಓಡಿಸಿದಳು. ಎಳ್ಳಷ್ಟೂ ಕುಂಟಲಿಲ್ಲ. ಅತ್ತ ಕಂಬಗಳ ಜಿಗಿತಕ್ಕೆ ಗಂಟೆ ಹೊಡೆಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

"ಕೆಸರಲ್ಲ ಅಕ್ಕಾ, ನನ್ನ ಮೊಳೆ" ಎಂದೆ. "ನಾನೇ ಹಾಳು ಮಾಡ್ದೆ. ಬೈಯಿ ನನ್ನ."

"ಗೊತ್ತು ಬಿಡು. ಅವನು ಕಾಲು ಎಳ್ಕೊಂಡಾಗ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಸುಮ್ನಿದ್ಯಾ?" ನನ್ನ ದನಿ ಮತ್ತೆ ಏರಿತು. "ಇನ್ನೊಂದ್ಸಲ ಹೇಳಕ್ಕೇನಾಗಿತ್ತು ನಿನಗೆ?"

ಅಕ್ಕ ಮೊಂಡನ ಹಗ್ಗ ಬಿಚ್ಚುತ್ತಿದ್ದವಳು ತಿರುಗಿ ನೋಡಿದಳು. ತುಂಬಾ ಸುಸ್ತಾಗಿದ್ದಳು.

"ನಿನಗೆ ಎರಡನೇ ಸಲ ಹೇಳೋದನ್ನ ನಾನು ಚಿಕ್ಕಂದಿನಲ್ಲೇ ಬಿಟ್ಟೆ ಕಣೋ."