ಬನ್ನಿ ಕೊಡಲು ಬಂದ ಎದುರಾಳಿ

ಹೋದ ವರ್ಷದ ವಿಜಯದಶಮಿಯ ಮಾತು. ನನ್ನ ಕೆಲಸ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಮನೆ ರಾಯಾಪುರದಲ್ಲಿ. ದಿನಾ ಬೆಳಿಗ್ಗೆ ಒಂದು ಪುಸ್ತಕದ ಒಂದೇ ಪುಟ ಓದುವ ಚಟ ನನಗೆ ಹತ್ತಿತ್ತು. ಅಧಿಕಾರ, ತಂತ್ರ, ಮನುಷ್ಯರ ಸ್ವಭಾವ, ದಿನಕ್ಕೊಂದು ಪಾಠ. ಓದುತ್ತ ಓದುತ್ತ, ಯಾರಾದರೂ ನಕ್ಕರೆ ಯಾಕೆ ನಕ್ಕರು ಎಂದು ಯೋಚಿಸುವಂತಾಗಿದ್ದೆ. “ನಿಮ್ಮ ಮುಂದ ಕೆಮ್ಮಾಕೂ ಅಂಜಿಕಿ ಬರ್ತೈತಿ” ಎಂದು ಹೆಂಡತಿ ಚುಡಾಯಿಸುತ್ತಿದ್ದಳು.

ಆಗ ನಮ್ಮ ವಿಭಾಗದಲ್ಲಿ ಸೂಪರ್‌ವೈಸರ್ ಜಾಗ ಖಾಲಿಯಾಗಿತ್ತು. ಪೈಪೋಟಿಯಲ್ಲಿದ್ದವರು ಇಬ್ಬರೇ, ನಾನು ಮತ್ತು ಹೊಸಮನಿ. ವರ್ಷಗಟ್ಟಲೆ ಡಬ್ಬಿ ಹಂಚಿಕೊಂಡು ಉಂಡವರು, ಓದಿದ ಪುಟವನ್ನೂ ಊಟದ ಹೊತ್ತಿಗೆ ಅವನಿಗೇ ಹೇಳುತ್ತಿದ್ದೆ. ಈಗ ಮಾತು ಬಿಟ್ಟಿದ್ದೆವು.

ಹಬ್ಬದ ಸಂಜೆ ಹೆಂಡತಿ, ಮಗಳು ಬನ್ನಿ ಕೊಡಲು ಓಣಿಯ ಮನೆಗಳಿಗೆ ಹೋಗಿದ್ದರು. ಜೋರು ನೆಗಡಿಯಾಗಿದ್ದರಿಂದ ನಾನೊಬ್ಬನೇ ಉಳಿದಿದ್ದೆ. ಗೇಟು ಸಪ್ಪಳವಾಯಿತು. ನೋಡಿದರೆ ಹೊಸಮನಿ!

“ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ” ಎಂದು ಎಲೆ ಚಾಚಿದ. ತೆಗೆದುಕೊಂಡೆ. ತಿರುಗಿ ಕೊಡಲು ಮಾತ್ರ ಕೈ ಏಳಲಿಲ್ಲ. ಬೆಳಿಗ್ಗೆ ಓದಿದ ಪುಟ ತಲೆಯಲ್ಲಿ ಕೂತಿತ್ತು. ಎದುರಾಳಿ ತಾನಾಗಿ ಮನೆಗೆ ಬಂದರೆ ಅವನ ಮಾತು ಕೇಳಬೇಡ, ಕಣ್ಣು ಎಲ್ಲಿ ಹೋಗುತ್ತದೆ ನೋಡು ಅಂತ ಅದರಲ್ಲಿತ್ತು.

ನೋಡಿದೆ. ಅವನ ಕಣ್ಣು ಪದೇ ಪದೇ ಒಳಗೇ ಹೋಗುತ್ತಿತ್ತು. ಕುರ್ಚಿಯಲ್ಲಿ ನೆಟ್ಟಗೆ ಕೂರಲೂ ಇಲ್ಲ.

“ಮನ್ಯಾಗ ಯಾರೂ ಇಲ್ಲೇನ್ರಿ? ಅಡಗಿಮನಿ ಹಿಂದೈತೇನ್ರಿ?”

ನನ್ನ ಅಡುಗೆಮನೆ ಕಟ್ಟಿಕೊಂಡು ಇವನಿಗೇನಾಗಬೇಕು? ಏನು ಹುಡುಕಲು ಬಂದಿದ್ದಾನೆ? ಒಂದು ಕಪ್ ಚಹಾ ಕುಡಿಸಿ ಸಾಗಹಾಕಿದರಾಯಿತು ಎಂದು ಎದ್ದೆ. ಅವನೂ ಎದ್ದ.

“ಕುಂದರ್ರಿ, ಚಾ ತರ್ತೇನಿ” ಎಂದೆ ಬಿರುಸಾಗಿ.

“ಚಾ ಬ್ಯಾಡ್ರಿ, ತಡೀರಿ...” ಎನ್ನುತ್ತ ಹಿಂದೆಯೇ ಬಂದ. ನನಗೆ ಸಿಟ್ಟು ನೆತ್ತಿಗೇರಿತು. ತಿರುಗಿಯೂ ನೋಡದೆ ಒಲೆಯ ಮೇಲೆ ಪಾತ್ರೆ ಇಟ್ಟು ಲೈಟರ್ ಹಿಡಿದೆ. ಅವನು ಜಿಗಿದು ನನ್ನ ಮಣಿಕಟ್ಟು ಹಿಡಿದ.

“ಲೇ, ಗ್ಯಾಸ್ ಸೋರಾಕತ್ತೈತೊ! ನಿನಗ ವಾಸನಿ ಬರವಲ್ದೇನು?”

ಮಧ್ಯಾಹ್ನ ಸಿಲಿಂಡರ್ ಬದಲಿಸಿದವನು ನಾನೇ. ರೆಗ್ಯುಲೇಟರ್ ಸರಿಯಾಗಿ ಕೂತಿರಲಿಲ್ಲ, ಕಟ್ಟಿದ ಮೂಗಿಗೆ ಅದು ತಿಳಿದಿರಲಿಲ್ಲ. ಹೊಸಮನಿ ಅದನ್ನು ತೆಗೆದು, ಕಿಟಕಿ ಬಾಗಿಲು ತೆರೆದು, ನನ್ನನ್ನು ಅಂಗಳಕ್ಕೆ ಎಳೆದು ತಂದ.

“ಬಂದ ಕೂಡ್ಲೆ ಯಾಕ ಹೇಳಲಿಲ್ಲೊ?” ಎಂದೆ.

“ನನಗೂ ಖಾತ್ರಿ ಇರಲಿಲ್ಲ. ಮ್ಯಾಲ ನೀ ದಿನಾ ಆ ಪುಸ್ತಕ ಓದಾಂವ. ಏನೋ ನೆವಾ ಹೇಳಿ ಒಳಗ ಬರಾಕತ್ತಾನ ಅಂತ ತಿಳ್ಕೊಂತಿ ಅಂತ ಅಂಜಿದೆ.”

ನಾಚಿಕೆಯಾಯಿತು. ಹೌದು, ಹಾಗೇ ತಿಳಿದಿದ್ದೆ. ದೇವರ ಮುಂದಿಟ್ಟಿದ್ದ ಬನ್ನಿ ತರಲು ಒಳಗೆ ಹೋಗುವ ಧೈರ್ಯ ಬರಲಿಲ್ಲ. ಅವನು ಕೊಟ್ಟ ಎಲೆಯೇ ಜೇಬಿನಲ್ಲಿತ್ತು. ಅದರಲ್ಲೇ ಎರಡು ಹರಿದು ಅವನ ಕೈಗಿಟ್ಟೆ. ಅಷ್ಟರಲ್ಲಿ ಓಣಿಯಲ್ಲಿ ಮಗಳ ನಗು ಕೇಳಿಸಿತು.

ಸೂಪರ್‌ವೈಸರ್ ಜಾಗ ಹೊಸಮನಿಗೇ ಸಿಕ್ಕಿತು. ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಪುಸ್ತಕವನ್ನು ಈಗಲೂ ಓದುತ್ತೇನೆ. ಆದರೆ ನನ್ನ ಮನೆ ಉಳಿಸುವ ಒಂದು ಮಾತು ಹೇಳಲು ಒಬ್ಬ ಗೆಳೆಯ ನನಗೇ ಅಂಜಿ ಕೂತಿದ್ದನಲ್ಲ, ಅದು ನೆನಪಾದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಮಗಳು ಮನೆಗೆ ಬಂದವಳೇ ಮೊದಲು ಮಾಡುವ ಕೆಲಸ ಲೈಟ್ ಹಾಕುವುದು. ಗ್ಯಾಸ್ ತುಂಬಿದ ಮನೆಗೆ ಆ ಸ್ವಿಚ್ಚಿನ ಕಿಡಿಯೊಂದೇ ಸಾಕಿತ್ತು.