ಗಡಿಕಲ್ಲಿನ ಹತ್ತಿರ ಬದಲಾಗಬೇಕಿದ್ದ ಪುಸ್ತಕ

ಇದನ್ನು ಹೇಳಿದಾಗಲೆಲ್ಲ ಜನ ಮೊದಲು ಕೇಳುವುದು, "ಅವತ್ತ ಎಷ್ಟ ಕುಡದಿದ್ದಿ?" ಅಂತ. ಎರಡು ಕಪ್ ಚಹಾ ಕುಡಿದಿದ್ದೆ. ನಗುವವರು ನಗಲಿ. ನಡೆದದ್ದು ನನಗೆ, ಮಳೆಗಾಲದಲ್ಲಿ ಇವತ್ತಿಗೂ ಸರಿಯಾಗಿ ನಿದ್ದೆ ಬಾರದಿರುವುದೂ ನನಗೇ.

ತೊಂಬತ್ತರ ದಶಕದ ಕೊನೆಯ ಮಾತು. ಘಟಪ್ರಭಾ ಕಡೆಯ ರೈಲು ದಾರಿಯಲ್ಲಿ ನಾನು ಮಳೆಗಾಲದ ರಾತ್ರಿ ಪಹರೆಯವನು. ಬ್ರಿಟಿಷರ ಕಾಲದ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿ ಬಹಳ ದಿನ ಆಗಿರಲಿಲ್ಲ. ಹಳಿಯ ಕೆಳಗಿನ ಕಟ್ಟಿಗೆಯ ಸ್ಲೀಪರುಗಳು ಹೋಗಿ ಸಿಮೆಂಟಿನವು ಬಂದಿದ್ದವು. ಹಳೆಯವನ್ನು ಜನ ಒಯ್ದು ನಾಗನೂರು, ಕೌಜಲಗಿ ಕಡೆ ಬಾಗಿಲ ಚೌಕಟ್ಟು ಮಾಡಿಸಿಕೊಂಡಿದ್ದರು. ನನ್ನ ದಾರಿಯಲ್ಲಿದ್ದ ಹಳ್ಳಕ್ಕೆ ಹೊಸ ಸೇತುವೆ ಆಗಿತ್ತು. ಪಕ್ಕದಲ್ಲಿ ಹಳೆಯ ಸೇತುವೆಯ ಕಲ್ಲಿನ ಕಂಬಗಳು ಮಾತ್ರ ಉಳಿದಿದ್ದವು, ಮೇಲೆ ಏನೂ ಇರಲಿಲ್ಲ.

ನಮ್ಮ ಕೆಲಸ ಇಷ್ಟೇ. ಈ ತುದಿಯ ಕಾವಲು ಗುಡಿಸಲಿನಿಂದ, ನಮ್ಮ ಮಾತಿನಲ್ಲಿ ಗುಮಟಿಯಿಂದ, ನಾನು, ಆ ತುದಿಯ ಗುಮಟಿಯಿಂದ ಅಡಿವೆಪ್ಪ, ಇಬ್ಬರೂ ಹಳಿ ನೋಡುತ್ತ ನಡೆಯಬೇಕು. ನಡುವೆ ಒಂದು ಗಡಿಕಲ್ಲು. ಅಲ್ಲಿ ಅವನ ಪಹರೆ ಪುಸ್ತಕ ನನಗೆ, ನನ್ನದು ಅವನಿಗೆ. ಪೂರಾ ನಡೆದಿದ್ದೇವೆ ಅನ್ನುವುದಕ್ಕೆ ಅದೇ ಸಾಕ್ಷಿ. ರಾತ್ರಿ ಎರಡಕ್ಕೆ ಪ್ಯಾಸೆಂಜರ್ ಗಾಡಿ ಬರುತ್ತಿತ್ತು. ಅದರಲ್ಲಿ ಮಲಗಿದವರ ಜೀವ ನಮ್ಮಿಬ್ಬರ ಕಾಲಿನ ಮೇಲೆ ನಿಂತಿತ್ತು.

ಅವತ್ತು ಸಂಜೆ ಚಹಾದಂಗಡಿಯಲ್ಲಿ ಮಳೆ ನೋಡಿ ನಾನೇ ಬುದ್ಧಿ ಓಡಿಸಿದೆ.

"ಲೇ ಅಡಿವ್ಯಾ, ಪುಸ್ತಕ ಈಗ ಬದಲಿ ಮಾಡೂಣು. ಇಂಥಾ ಮಳ್ಯಾಗ ಯಾಂವ ನಡೀತಾನ?"

"ಹಳಿಗಿ ಏನರ ಆತಂದ್ರ ಲಕ್ಷ್ಮಣಾ?"

"ಹೊಸಾ ಹಳಿ ಐತಿ, ಏನಾಗತೈತಿ? ಸುಮ್ನ ಮಲ್ಕೋ ಹೋಗ."

ಅವನಿಗೆ ಮನಸ್ಸಿರಲಿಲ್ಲ, ಆದರೂ ಪುಸ್ತಕ ಕೊಟ್ಟ. ನನ್ನದು ಅವನ ಚೀಲ ಸೇರಿತು. ನಾನು ಗುಮಟಿಗೆ ಬಂದು ಬಾಗಿಲು ಹಾಕಿ, ಕಂಬಳಿ ಹೊದ್ದು ಮಲಗಿದೆ.

ಒಂದು ಗಂಟೆ ಹೊತ್ತಿಗೆ ಎಚ್ಚರವಾಯಿತು.

ಟಕ್... ಟಕ್... ಟಕ್...

ಕಟ್ಟಿಗೆಯ ಮೇಲೆ ಯಾರೋ ಬೂಟು ಹಾಕಿ ನಡೆದು ಬರುವ ಸಪ್ಪಳ. ಅರೆನಿದ್ದೆಯಲ್ಲಿ ಸುಮ್ಮನೆ ಕೇಳುತ್ತ ಬಿದ್ದಿದ್ದೆ. ಆಮೇಲೆ ಹೊಳೆಯಿತು, ಹೊರಗೆ ಕಟ್ಟಿಗೆ ಎಲ್ಲಿದೆ?

ಸಪ್ಪಳ ಬಾಗಿಲ ಹತ್ತಿರ ನಿಂತಿತು. ಸಂದಿಯಿಂದ ಡಾಂಬರು ಎಣ್ಣೆಯ ವಾಸನೆ ಒಳಗೆ ಬಂತು, ಹಳೆಯ ಸ್ಲೀಪರುಗಳಿಗೆ ಹಚ್ಚುತ್ತಿದ್ದ ಅದೇ ಎಣ್ಣೆ.

"ಕಲ್ಲಿನ ಹತ್ರ ನಿಂತ ನಿಂತ ಸಾಕಾತ್ರಿ... ನೀವು ಬರಲಿಲ್ಲ."

"ಅಡಿವೆಪ್ಪಾ?"

"ನಿಮ್ಮ ಪುಸ್ತಕ ನನ್ನ ಹಂತ್ಯಾಕ ಐತ್ರಿ. ಬಂದು ತಗೊಂಡ ಹೋಗ್ರಿ."

ನನ್ನ ಪುಸ್ತಕ ಇದ್ದದ್ದು ಅಡಿವೆಪ್ಪನ ಹತ್ತಿರ. ಆದರೆ ಅವನು ನನಗೆ ಹುಟ್ಟಿನಿಂದ 'ರೀ' ಅಂದವನಲ್ಲ. ಚೇಷ್ಟೆ ಮಾಡುತ್ತಿದ್ದಾನೆ ಅಂತ ಮನಸ್ಸಿಗೆ ಹೇಳಿಕೊಂಡೆ. ಅವನು ಸಿಟ್ಟಿನಲ್ಲಿ ನನ್ನ ಪುಸ್ತಕ ಒಯ್ದು ನಮ್ಮ ಮೇಲಿನ ಮುಕಾದಮನ ಕೈಗೆ ಕೊಟ್ಟರೆ ನೌಕರಿ ಹೋದಂತೆಯೇ. ಚೀಲ, ಕೆಂಪು ಗಾಜಿನ ಕಂದೀಲು ಹಿಡಿದು ಬಾಗಿಲು ತೆರೆದೆ.

ಯಾರೂ ಇರಲಿಲ್ಲ. ದೂರದಲ್ಲಿ ಒಂದು ದೀಪ ಹೋಗುತ್ತಿತ್ತು.

ಅದರ ಹಿಂದೆ ನಡೆದೆ. ನನ್ನ ಕಾಲ ಕೆಳಗೆ ಜಲ್ಲಿಕಲ್ಲು ಕರಕರ ಅನ್ನುತ್ತಿತ್ತು. ಮುಂದೆ ಮಾತ್ರ ಟಕ್... ಟಕ್... ಕಟ್ಟಿಗೆಯೇ. "ಅಡಿವ್ಯಾ, ನಿಲ್ಲಲೇ!" ಅಂತ ಕೂಗಿದೆ. ನಿಲ್ಲಲಿಲ್ಲ. ಹನುಮಪ್ಪನ ಹೆಸರೂ ನೆನಪಾಗಲೊಲ್ಲದು.

ಹಳ್ಳ ಬಂತು. ದೀಪ ಹೊಸ ಸೇತುವೆಗೆ ಹೋಗಲಿಲ್ಲ. ಪಕ್ಕಕ್ಕೆ ಸರಿದು, ಹಳೆಯ ಕಂಬಗಳ ಮೇಲೆ, ಏನೂ ಇಲ್ಲದ ಜಾಗದಲ್ಲಿ ನೆಟ್ಟಗೆ ನಡೆಯಿತು. ಕೆಳಗೆ ಹಳ್ಳ ಭೋರ್ಗರೆಯುತ್ತಿತ್ತು. ಅದರ ಮೇಲೂ ಆ ಸಪ್ಪಳ ಸ್ಪಷ್ಟವಾಗಿ ಕೇಳಿಸಿತು. ಆಚೆ ದಂಡೆಗೆ ಹೋಗಿ ದೀಪ ಆರಿತು.

ನಾನು ಅಲ್ಲೇ ಕುಕ್ಕರಿಸಿದೆ. ಕೈಯಲ್ಲಿದ್ದ ಕಂದೀಲು ನೆಲಕ್ಕೆ ತಾಗಿತು. ಆ ಬೆಳಕಿನಲ್ಲಿ ಕಂಡೆ... ಸೇತುವೆಗೆ ಮುಟ್ಟುವ ಮೊದಲೇ ಹಳಿಯ ಕೆಳಗಿನ ಮಣ್ಣು, ಜಲ್ಲಿ ಎಲ್ಲ ಕೊಚ್ಚಿಹೋಗಿತ್ತು. ಎರಡು ಹಳಿ ಗಾಳಿಯಲ್ಲಿ ಜೋತುಬಿದ್ದಿದ್ದವು.

ಪ್ಯಾಸೆಂಜರ್!

ಗಾಡಿ ಬರುವ ದಿಕ್ಕಿಗೆ ಓಡಿದೆ. ಎಷ್ಟು ಸಲ ಬಿದ್ದೆನೋ ಗೊತ್ತಿಲ್ಲ. ಚೀಲದಲ್ಲಿದ್ದ, ಚಕ್ರ ಹಾಯ್ದರೆ ಸಿಡಿದು ಡ್ರೈವರನನ್ನು ಎಚ್ಚರಿಸುವ ಮೂರು ರೈಲ್ವೆ ಪಟಾಕಿಗಳನ್ನು ಹಳಿಗೆ ಕಟ್ಟಿ, ಕೆಂಪು ದೀಪ ಬೀಸುತ್ತ ಅಳುತ್ತಿದ್ದೆ. ಇಂಜಿನ್ ಹಾಯ್ದು ಮೂರೂ ಪಟಾಕಿ ಸಿಡಿದವು. ಗಾಡಿ ಕಿರುಚುತ್ತ ಮುಂದೆ ಸಾಗಿ ನಿಂತಿತು. ಕಿಟಕಿಯಲ್ಲಿ ಒಬ್ಬಾಕೆ ಕೂಸನ್ನು ಎದೆಗೆ ಒತ್ತಿಕೊಂಡು, "ಯಾವ ಸ್ಟೇಷನ್ ರೀ ಅಣ್ಣಾರ?" ಅಂದಳು.

ಬೆಳಗ್ಗೆ ಎಲ್ಲರೂ ನನ್ನ ಬೆನ್ನು ತಟ್ಟಿದರು. ಒಂದೊಂದು ಏಟೂ ಚಾಟಿಯಂತೆ ಬಿತ್ತು. ಮುಕಾದಮ ಇಬ್ಬರ ಪುಸ್ತಕವನ್ನೂ ಕೇಳಿದ. ನಾನು ಅಡಿವೆಪ್ಪನನ್ನು ಬದಿಗೆ ಕರೆದೆ.

"ರಾತ್ರಿ ಯಾಕ ಬಂದಿದ್ದಿ? ನನ್ನ ಪುಸ್ತಕ ಕೊಡ."

ಅವನು ನನ್ನ ಮುಖವನ್ನೇ ನೋಡಿದ.

"ನಾ ಎಲ್ಲಿ ಬಂದೀನಿ? ನೀನ ಬಂದು ಒಯ್ದಿಯಲ್ಲೋ! ಒಳಗ ಬಾ ಅಂದ್ರ ಬರಲಿಲ್ಲ. ಬಾಗಲ ಸಂದ್ಯಾಗ ಕೈ ಚಾಚಿದಿ, ಕೊಟ್ಟೆ. ಕೈ ತುಂಬ ಡಾಂಬರ ವಾಸ್ನಿ... ಮತ್ತ ನನಗ 'ರೀ' ಅಂದಿ, ಖರೆ ಹೇಳತೇನಿ."

ನನ್ನ ಪುಸ್ತಕ ಹಳ್ಳಕ್ಕೆ ಬಿತ್ತು ಅಂತ ಮುಕಾದಮನಿಗೆ ಸುಳ್ಳು ಹೇಳಿದೆ. ಮುಂದಿನ ಮಳೆಗಾಲಕ್ಕೆ ಆ ಕೆಲಸವನ್ನೇ ಬಿಟ್ಟೆ.

ಮೂಡಲಗಿಯಲ್ಲಿ ಮನೆ ಕಟ್ಟಿಸುವಾಗ ಬಡಿಗ ಹೊಸ್ತಿಲಿಗೆಂದು ಹಳೆಯ ಸ್ಲೀಪರಿನ ಕಟ್ಟಿಗೆ ತಂದ. ಗಟ್ಟಿಮುಟ್ಟಾದ ಕಟ್ಟಿಗೆ. ವಾಪಸು ಕಳಿಸಿ ಕಲ್ಲಿನ ಹೊಸ್ತಿಲು ಹಾಕಿಸಿದೆ. ನಮ್ಮ ಮನೆಯಿಂದ ರೈಲು ಹಳಿ ಬಹಳ ದೂರ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಹೆಂಡತಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು.

"ಹೊರಗ ಕಟ್ಟಿಗಿ ಮ್ಯಾಲೆ ಯಾರೋ ಅಡ್ಡಾಡಿದಂಗ ಕೇಳಸಾಕತ್ತೈತಿ ನೋಡ್ರಿ."

ನಾನು ಎದ್ದು ಬಾಗಿಲು ತೆರೆಯಲಿಲ್ಲ. ಅವನು, ಆ ಕಟ್ಟಿಗೆಯ ಹಳಿಯ ಕಾಲದ ಪಹರೆಯವನು, ನನ್ನ ಪುಸ್ತಕ ಹಿಡಿದು ತನ್ನ ಪಾಳಿ ನಡೆದಿದ್ದಾನೆ. ನಾನು ಗಡಿಕಲ್ಲಿನ ತನಕ ಇನ್ನೂ ಹೋಗಿಲ್ಲ.