ಕುಳಿತು ಬಾರಿಸಲಾರದ ಬ್ಯಾಂಡು

ಆಗ ನನಗೆ ಅರವತ್ತೇಳು. ಈಗ್ಗೆ ಐದು ವರ್ಷವಾಯಿತು. ಇವತ್ತು ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ತುತ್ತೂರಿ ತಿಕ್ಕುತ್ತಿದ್ದೆ. ಆ ಹುಳಿ ವಾಸನೆ ಮೂಗಿಗೆ ಹೊಡೆದದ್ದೇ ತಡ, ನಾವು ರೇಡಿಯೊಕ್ಕೆ ಹೋದ ದಿನ ನೆನಪಾಗಿ ಒಬ್ಬಳೇ ನಕ್ಕೆ. ನಿಮಗೂ ಹೇಳುತ್ತೇನೆ, ಕೇಳಿ.

ಉಗಾರ ಖುರ್ದದಲ್ಲಿ ನಮ್ಮದೊಂದು ಬ್ಯಾಂಡ್ ಕಂಪನಿ. ಗಂಡ ಸತ್ತ ಮೇಲೆ ಅದು ನನ್ನ ಕೊರಳಿಗೆ ಬಿತ್ತು. ನನಗೆ ಊದಲು ಬಾರದು, ಬಾರಿಸಲು ಬಾರದು, ಬೈಯಲು ಬರುತ್ತದೆ. ಆರು ಮಂದಿ ಗಂಡಸರನ್ನು ಒಂದೇ ಹಾಡಿನಲ್ಲಿ ಇಡುವುದಕ್ಕೆ ಅಷ್ಟು ಸಾಕು. ಓದು ಅಂದರೆ ಬಸ್ಸಿನ ಬೋರ್ಡು ಓದುವಷ್ಟು, ಅದೂ ಬಸ್ಸು ನಿಂತಿದ್ದರೆ.

ಆ ವರ್ಷ ಮದುವೆಗಳೆಲ್ಲ ಡಿಜೆ ಪಾಲಾಗಿದ್ದವು. ಉಳಿದದ್ದು ನಮ್ಮೂರ ಜಿನ್ನಪ್ಪನವರ ಮಗಳ ಮದುವೆ ಒಂದೇ. ಅದೂ ಕೈತಪ್ಪಿದರೆ, ನಮ್ಮಲ್ಲಿ ಕ್ಲಾರಿಯೊನೆಟ್ ಊದುವ ಕಲ್ಲಪ್ಪ ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಹೋಗುವವನಿದ್ದ. ಅವನು ಹೋದರೆ ಕಂಪನಿ ಮುಚ್ಚಿದಂತೆಯೇ.

ಜಿನ್ನಪ್ಪನವರು ಹೇಳಿದ್ದು ಇಷ್ಟೇ: "ರವಿವಾರ ರೇಡಿಯೋದಾಗ ಬಾರಸ್ತೀರಂತಲ್ಲ, ಕೇಳ್ತೀನಿ. ಚಲೋ ಅನಸಿದ್ರ ನೀವು, ಇಲ್ಲಾಂದ್ರ ಡಿಜೆ."

ಹತ್ತಿರದ ಕಾಲೇಜಿನಲ್ಲಿ ಸಣ್ಣದೊಂದು ಸಮುದಾಯ ರೇಡಿಯೊ ಇದೆ. ಸುತ್ತಲ ಊರುಗಳ ಬ್ಯಾಂಡಿನವರನ್ನು ಕರೆದು ಬಾರಿಸಲು ಹಚ್ಚುತ್ತಾರೆ. ರವಿವಾರ ಅಲ್ಲಿನ ಹುಡುಗಿ ಪೂಜಾ ನಮ್ಮನ್ನು ಕೋಣೆಯೊಳಗೆ ಹೊಗಿಸಿದಳು. ಗೋಡೆಗೆಲ್ಲ ಗಾದಿ ಬಡಿದಿದ್ದರು; ನಮ್ಮ ಮನೆಯಲ್ಲಿ ಮಲಗಲಿಕ್ಕೂ ಅಂಥದ್ದಿಲ್ಲ. ಎಲ್ಲರಿಗೂ ಕುರ್ಚಿ. ಕೆಂಪು ದೀಪ ಹತ್ತಿತು, ಇನ್ನು ಊದಿದ್ದೆಲ್ಲ ನೇರ ರೇಡಿಯೊಕ್ಕೆ. ಕಲ್ಲಪ್ಪ ಊದಿದ, ಎಮ್ಮೆಯ ಕರು ಒದರಿದಂತಾಯಿತು. ದೊಡ್ಡ ಡ್ರಮ್ಮಿನವ ಒಂದೇಟು ಹಾಕಿ ಇನ್ನೊಂದನ್ನು ಮರೆತ. ಪೂಜಾ ಗಾಬರಿಯಾಗಿ ಮೈಕು ಬಂದ್ ಮಾಡಿ ಬೇರೆ ಯಾವುದೋ ಹಾಡು ಹಚ್ಚಿದಳು.

"ಯಾಕ್ರಿ ಕಾಕಾ, ಆರಾಮ ಇಲ್ಲೇನ?"

"ಆರಾಮ ಅದೀವವಾ," ಅಂದ ಕಲ್ಲಪ್ಪ. "ಆದ್ರ ಹಿಂಗ ಕುಂತ ಎಂದೂ ಬಾರ್ಸಿಲ್ಲ. ಕಾಲ ನಡದ್ರ ಕೈ ನಡೀತಾವು."

ನಿಜ. ವರನ ಕುದುರೆಯ ಮುಂದೆ ನಡೆಯುತ್ತಲೇ ಕಲಿತವರು; ಅವರ ತಾಳ ಇರುವುದು ಮೊಣಕಾಲಿನಲ್ಲಿ. ನನಗೆ ಮೊದಲೇ ಹೊಳೆಯಬೇಕಿತ್ತು. ಆದರೆ ನಾನು ವಾರವಿಡೀ ಹುಣಸೆಹಣ್ಣು ಹಚ್ಚಿ ತುತ್ತೂರಿ ತಿಕ್ಕುತ್ತಿದ್ದೆ, ಅವರ ಕೋಟಿಗೆ ಗುಂಡಿ ಹಚ್ಚುತ್ತಿದ್ದೆ, ರೇಡಿಯೊದಲ್ಲಿ ಕೋಟು ಕಾಣುತ್ತದೆ ಅನ್ನುವಂತೆ.

"ಏಳ್ರಲೇ ಎಲ್ಲಾರೂ," ಅಂದೆ. "ಪೂಜಾ, ಕಿಡಕಿ ತಗದ ಮೈಕ ಹೊರಗ ಹಿಡಿ. ಇವ್ರು ಅಂಗಳದಾಗ ತಿರಗಲಿ."

"ಆಯಿ, ಆವಾಜ ಒಮ್ಮೆ ದೂರ, ಒಮ್ಮೆ ಹತ್ರ ಆಗತೈತ್ರಿ!"

"ಆಗ್ಲಿ ಬಿಡ. ಮೆರವಣಿಗಿ ನಿಂತಲ್ಲೇ ನಿಂದರತೈತೇನ?"

ಪೂಜಾ ಮೈಕು ಮತ್ತೆ ಹಚ್ಚಿ ಕಿಟಕಿಯಾಚೆ ಹಿಡಿದಳು. ಇವರು ನಡೆದರು. ಹಿಂದೆ ಕುದುರೆಯಿಲ್ಲದ ಕಾರಣ ಓಡತೊಡಗಿದರು. ಕೊನೆಗೆ ಸೆರಗು ಹೊದ್ದು, ಮದುಮಗನ ಠೀವಿಯಲ್ಲಿ ನಾನೇ ಹಿಂದೆ ನಡೆದೆ. ಆಮೇಲೆ ಹಾಡು ಹದಕ್ಕೆ ಬಂತು.

ಸಂಜೆ ಜಿನ್ನಪ್ಪನವರು ಮನೆಗೇ ಬಂದರು, ಮುಖ ಗಂಟು ಹಾಕಿಕೊಂಡು. ಮದುವೆ ಕೈತಪ್ಪಿತು ಅಂದುಕೊಂಡೆ. ಆದರೂ ಚಹಾ ಕೊಟ್ಟೆ.

"ನಾ ತ್ವಾಟದಾಗ ಇದ್ದೆ ಅಕ್ಕಾ, ಕೇಳ್ಲಿಲ್ಲ. ನಮ್ಮವ್ವ ಕೇಳ್ಯಾಳ. ಆವಾಜ ಹತ್ರ ಬಂದಂಗೆಲ್ಲ, ಬೀಗರು ಬಂದ್ರಂತ ಆರತಿ ತಾಟ ಹಿಡಕೊಂಡ ಬಾಗಲಿಗೆ ಓಡ್ಯಾಳ. ಈಗ ನನ್ನ ಬೈಯಾಕತ್ತಾಳ, ಬಾಗಲಿಗೆ ಬಂದ ಬ್ಯಾಂಡ ಹೊಳ್ಳಿ ಯಾಕ ಕಳಸಿದಿ ಅಂತ."

"ಹಂಗಾರ ಡಿಜೆ?"

"ಡಿಜೆ ತಂದ್ರ ಆಕಿ ನನ್ನ ಮನ್ಯಾಗ ಬಿಟ್ಕೊಳ್ಳೂದಿಲ್ಲ. ನೀವ ಬರ್ರಿ."

ಮರುದಿನ ಬೆಳಿಗ್ಗೆ ಕಲ್ಲಪ್ಪನ ಮನೆಗೆ ಹೋದೆ. ಕಬ್ಬಿನ ಟ್ರ್ಯಾಕ್ಟರಿನ ಮಾಲೀಕ ಬಾಗಿಲಲ್ಲಿ ಕಾಯುತ್ತಿದ್ದ. "ಅಂವ ಬರೂದಿಲ್ಲ," ಎಂದು ಅವನನ್ನು ಸಾಗಹಾಕಿ, ಕಲ್ಲಪ್ಪನನ್ನು ಎಬ್ಬಿಸಿ, ಬೀಗರು ಇಳಿಯುವ ಜಾಗದಿಂದ ಜಿನ್ನಪ್ಪನವರ ಬಾಗಿಲವರೆಗೆ ವಾದ್ಯವಿಲ್ಲದೆ ಬರಿಗೈಯಲ್ಲಿ ನಡೆಸಿದೆ, ಮೊದಲು ಕಾಲಿಗೆ ಹಾದಿ ಗೊತ್ತಾಗಲಿ ಅಂತ.